ಎಳ್ಳು ಬೀರಲು ಎಳ್ಳಿಲ್ಲದ ಮನೆ: ಒಂದು ಕಥೆಯ ತಾಯಿ, ನಮ್ಮೂರಿನ ಒಂದು ಪ್ರಕರಣ

ಇದು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಡೆದದ್ದು. ಊರಿನ ಹೆಸರು ಬರೆಯುವುದಿಲ್ಲ. ಮನೆಯವರ ಗುರುತು ಸಿಗಬಾರದು ಅಂತ ಒಂದೆರಡು ವಿವರಗಳನ್ನೂ ಬದಲಾಯಿಸಿದ್ದೇನೆ. ಬರೆಯಬಹುದಾ ಅಂತ ಮೊದಲು ಆ ಮನೆಯಾಕೆಯನ್ನೇ ಕೇಳಿದೆ. "ಬರಿ. ಆದರೆ ನಾನು ಕಣ್ಣೀರು ಹಾಕಿದೆ ಅಂತ ಮಾತ್ರ ಬರೀಬೇಡ, ನಾನು ಹಾಕಿಲ್ಲ" ಅಂದರು. ಅವರ ಮನೆ ಬೀದಿಯ ತುದಿಯಲ್ಲಿದೆ. ಇಲ್ಲಿ ಅವರನ್ನು ಕೊನೇ ಮನೆಯಾಕೆ ಅಂತಲೇ ಕರೆಯುತ್ತೇನೆ.

ಹಿನ್ನೆಲೆ

ನಮ್ಮದು ಶನಿವಾರ ಸಂಜೆಯ ಕಥೆ ಗುಂಪು. ಊರಿನ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಚಾಪೆ ಹಾಸಿ ಕೂರುತ್ತೇವೆ. ಹದಿನಾಲ್ಕು ಹೆಂಗಸರು, ಅವರ ಹಿಂದೆ ಬರುವ ಮಕ್ಕಳು. ಕೆಲವರು ಮನೆಯಲ್ಲೇ ರೇಷ್ಮೆ ಹುಳು ಮೇಯಿಸುತ್ತಾರೆ. ಕೆಲವರು ಬಸ್ಸು ಹತ್ತಿ ಪಟ್ಟಣಕ್ಕೆ ಹೋಗಿ ಗೂಡಿನಿಂದ ನೂಲು ತೆಗೆಯುವ ರೀಲಿಂಗ್ ಕೆಲಸ ಮಾಡುತ್ತಾರೆ, ಬಿಸಿನೀರಿನಲ್ಲಿ ಗೂಡು ಅದ್ದಿ ಅದ್ದಿ ಅವರ ಬೆರಳ ತುದಿ ಯಾವಾಗಲೂ ಬೆಳ್ಳಗೆ ಸುಕ್ಕಾಗಿರುತ್ತದೆ. ಮನೆಯೊಳಗೆ ತೆಲುಗು, ಬೀದಿಗೆ ಬಂದರೆ ಕನ್ನಡ, ಜಗಳಕ್ಕೆ ಎರಡೂ. ಅರ್ಧ ಜನಕ್ಕೆ ಓದು ಬರುವುದಿಲ್ಲ. ನಾನು ಇಂಗ್ಲಿಷ್ ಪುಸ್ತಕವನ್ನೋ ಕನ್ನಡ ಪುಸ್ತಕವನ್ನೋ ಇಟ್ಟುಕೊಂಡು ಬಾಯಲ್ಲಿ ಕಥೆ ಹೇಳುತ್ತೇನೆ, ಅವರು ಮಧ್ಯೆ ತಡೆದು ವಾದ ಮಾಡುತ್ತಾರೆ. ಆ ವಾದಕ್ಕೋಸ್ಕರವೇ ನಾನು ಇದನ್ನು ನಡೆಸುವುದು.

ಆ ವರ್ಷ ದೀಪಾವಳಿ ಆದಮೇಲೆ ನಾನು ಆರಿಸಿಕೊಂಡದ್ದು ಅಮೆರಿಕದ ಲೂಯಿಸಾ ಮೇ ಆಲ್ಕಾಟ್ 1868ರಲ್ಲಿ ಬರೆದ 'ಲಿಟಲ್ ವಿಮೆನ್'. ಯಾಕೆ ಇದು ಅಂದರೆ, ಅದರಲ್ಲಿ ಒಬ್ಬ ತಾಯಿ, ನಾಲ್ಕು ಹೆಣ್ಣುಮಕ್ಕಳು. ಗಂಡ ಯುದ್ಧಕ್ಕೆ ಹೋಗಿದ್ದಾನೆ. ನಮ್ಮ ಊರಿನ ಮನೆಗಳಲ್ಲೂ ಗಂಡಸರು ಇರುವುದು ಭಾನುವಾರ ಮಾತ್ರ, ಉಳಿದ ದಿನ ಬೆಂಗಳೂರಿನ ಕಟ್ಟಡ ಕೆಲಸ, ಸೆಕ್ಯೂರಿಟಿ ಕೆಲಸ. ಕೇಳುವವರಿಗೆ ಆ ಮನೆ ಗುರುತು ಹತ್ತುತ್ತದೆ ಅಂದುಕೊಂಡೆ, ಹತ್ತಿತು. ಹುಡುಗಿಯರು ಆ ತಾಯಿಯನ್ನು ಮಾರ್ಮಿ ಅಂತ ಕರೆಯುತ್ತಾರೆ. ನಮ್ಮ ಮಕ್ಕಳ ಕಿವಿಗೆ ಅದು ಮಾರಮ್ಮ ಅಂತ ಬಿತ್ತು. ಎರಡನೇ ವಾರಕ್ಕೆಲ್ಲ ಎಲ್ಲರ ಬಾಯಲ್ಲೂ ಮಾರಮ್ಮನೇ ಆಯಿತು. ನಾನೂ ತಿದ್ದಲಿಲ್ಲ.

ಎಲ್ಲರ ಮನಸ್ಸು ಹಿಡಿದದ್ದು ಕ್ರಿಸ್‌ಮಸ್ ಬೆಳಗಿನ ಭಾಗ. ತಾಯಿ ಬೆಳಗ್ಗೆಯೇ ಎದ್ದು ಹಮ್ಮೆಲ್ ಅನ್ನುವ ಬಡ ಜರ್ಮನ್ ಮನೆಗೆ ಹೋಗಿ ಬಂದಿರುತ್ತಾಳೆ. ಅಲ್ಲಿ ಒಲೆಗೆ ಬೆಂಕಿ ಇಲ್ಲ, ತಿನ್ನಲು ಏನೂ ಇಲ್ಲ, ಬಾಣಂತಿ ಮಲಗಿದ್ದಾಳೆ, ಆರು ಮಕ್ಕಳು ಚಳಿಗೆ ಒಂದೇ ಹಾಸಿಗೆಯಲ್ಲಿ ಮುದುರಿಕೊಂಡಿದ್ದಾರೆ. ಮನೆಗೆ ಬಂದು, ಹಸಿದು ಕಾಯುತ್ತಿದ್ದ ಮಕ್ಕಳನ್ನು ಕೇಳುತ್ತಾಳೆ, ನಿಮ್ಮ ಹಬ್ಬದ ತಿಂಡಿ ಅವರಿಗೆ ಕೊಡುತ್ತೀರಾ ಅಂತ. ಕೊಡಿ ಅನ್ನುವುದಿಲ್ಲ, ಕೊಡುತ್ತೀರಾ ಅನ್ನುತ್ತಾಳೆ. ಹುಡುಗಿಯರು ಒಂದು ಗಳಿಗೆ ಸುಮ್ಮನಿದ್ದು ಆಮೇಲೆ ಎಲ್ಲ ಕಟ್ಟಿಕೊಂಡು ಹೊರಡುತ್ತಾರೆ. ಈ ಭಾಗ ಹೇಳಿ ಮುಗಿಸಿದಾಗ ಕೋಣೆಯಲ್ಲಿ ಸದ್ದಿರಲಿಲ್ಲ. ಆಮೇಲೆ ಯಾರೋ ಅಂದರು, "ಮಾರಮ್ಮನಂಥೋರು ನಮ್ಮೂರಲ್ಲೂ ಇರಬೇಕು ಅಲ್ವಾ."

ಸಮಸ್ಯೆ

ಕೊನೇ ಮನೆಯಾಕೆ ಗುಂಪಿನಲ್ಲಿ ಎಲ್ಲರಿಗಿಂತ ಜಾಸ್ತಿ ಪ್ರಶ್ನೆ ಕೇಳುವವರು. ಮಗಳು ಎಂಟನೇ ತರಗತಿ, ಮಗ ಐದು. ಒಂದು ಎಕರೆ ಹಿಪ್ಪುನೇರಳೆ, ಪಾಲಿನ ಬೋರ್‌ವೆಲ್. ಆ ವರ್ಷ ಅವರ ಎರಡು ಬೆಳೆ ಮೇಲಿಂದ ಮೇಲೆ ಕೈಕೊಟ್ಟಿತ್ತು. ಎರಡು ಸಲವೂ ಹಾಲುತೊಂಡೆ. ಹುಳು ಸಾಕಿದವರಿಗೆ ಈ ರೋಗದ ಹೆಸರು ಕೇಳಿದರೇ ಹೊಟ್ಟೆ ತೊಳಸುತ್ತದೆ. ಹುಳು ಉಬ್ಬಿ ಹೊಳೆಯುತ್ತದೆ, ಮೈ ಒಡೆದು ಹಾಲಿನಂಥ ನೀರು ಸುರಿಯುತ್ತದೆ, ಆ ನೀರು ತಾಗಿದ ಸೊಪ್ಪು ತಿಂದ ಹುಳುವಿಗೂ ರೋಗ ಹತ್ತುತ್ತದೆ. ಇದು ಸಾಮಾನ್ಯವಾಗಿ ಕೈಗೆ ಸಿಗುವುದು ನಾಲ್ಕನೇ ಜ್ವರ ಎದ್ದ ಮೇಲೆ, ಅಂದರೆ ಹುಳು ನಾಲ್ಕನೇ ಸಲ ಪೊರೆ ಕಳಚಿದ ಮೇಲೆ. ಹುಳು ತನ್ನ ಇಡೀ ಆಯುಷ್ಯದಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಪಾಲಿಗಿಂತ ಜಾಸ್ತಿ ತಿನ್ನುವುದೇ ಆ ಕೊನೆಯ ಹಂತದಲ್ಲಿ. ಅಂದರೆ ಸೊಪ್ಪು, ಆಳು, ನಿದ್ದೆ ಎಲ್ಲ ಖರ್ಚಾದ ಮೇಲೆ ಬೆಳೆ ಹೋಗುತ್ತದೆ.

ಎರಡನೇ ಬೆಳೆಯೂ ಹೋದಮೇಲೆ ಗಂಡ ಬೆಂಗಳೂರಿಗೆ ಹೋದರು. ದುಡ್ಡು ಒಂದು ತಿಂಗಳು ಬರುತ್ತಿತ್ತು, ಎರಡು ತಿಂಗಳು ಬರುತ್ತಿರಲಿಲ್ಲ. ಸಂಘದ ಸಾಲ ಒಂದು, ವಾರದ ಕಂತಿನ ಸಾಲ ಎರಡು. ಮೂರನೇ ಬೆಳೆಗೆ ಚಾಕಿ ಹುಳು, ಅಂದರೆ ಸಾಕಿ ಮಾರುವ ಮರಿ ಹುಳು, ತರಲು ದುಡ್ಡಿಲ್ಲದೆ ತಮ್ಮ ತೋಟದ ಸೊಪ್ಪನ್ನು ಬೇರೆಯವರಿಗೆ ಮಾರತೊಡಗಿದರು. ಸೊಪ್ಪು ಮಾರುವುದು ಅಂದರೆ ಹುಳುಮನೆ ಖಾಲಿ ಅಂತ ಊರಿಗೆಲ್ಲ ಗೊತ್ತಾದಂತೆ. ಮಗಳು ಶನಿವಾರ ಅರ್ಧ ದಿನದ ಸ್ಕೂಲು ತಪ್ಪಿಸಿ ಸೊಪ್ಪು ಕೊಯ್ಯಲು ಹೋಗುತ್ತಾಳೆ ಅಂತ ನಮಗೆ ತಿಳಿದದ್ದು ಡಿಸೆಂಬರ್‌ನಲ್ಲಿ.

ಮೊದಲು ಮಾಡಿದ್ದು

ಸಂಕ್ರಾಂತಿಗೆ ಒಂದು ವಾರ ಇತ್ತು. ಗುಂಪಿನವರೇ ಮಾತು ತೆಗೆದರು, ಮಾರಮ್ಮ ಮಾಡಿದ ಹಾಗೆ ನಾವೂ ಮಾಡೋಣ ಅಂತ. ನನಗೆ ಎಷ್ಟು ಸಂತೋಷ ಆಯಿತು ಅಂದರೆ ಒಂದು ಕ್ಷಣವೂ ಯೋಚನೆ ಮಾಡಲಿಲ್ಲ. ಕಥೆಯೊಂದು ಪುಸ್ತಕದಿಂದ ಎದ್ದು ಬೀದಿಗೆ ಬರುತ್ತಿದೆ ಅನ್ನಿಸಿತ್ತು. ಎಲ್ಲರೂ ಸೇರಿ ಹತ್ತು ಕೆಜಿ ಅಕ್ಕಿ, ಬೇಳೆ, ಎಣ್ಣೆ, ಬೆಲ್ಲ, ಮಕ್ಕಳಿಗೆ ಒಂದೊಂದು ಬಟ್ಟೆ ತಂದೆವು. ದೊಡ್ಡ ಬಟ್ಟೆ ಚೀಲಕ್ಕೆ ತುಂಬಿದೆವು. ಹಬ್ಬದ ದಿನ ಸಂಜೆ, ಏಳು ಜನ, ಹೊಸ ಸೀರೆ ಉಟ್ಟು, ಎಳ್ಳಿನ ತಟ್ಟೆಯ ಜೊತೆಗೆ ಆ ಚೀಲ ಹಿಡಿದುಕೊಂಡು ಬೀದಿಯುದ್ದಕ್ಕೂ ನಡೆದು ಹೋದೆವು.

ಎಳ್ಳು ಬೀರುವುದು ಹೇಗೆ ಅಂತ ನಿಮಗೆ ಗೊತ್ತು. ನಾನು ನಿಮ್ಮ ಮನೆಗೆ ಎಳ್ಳು ಬೆಲ್ಲ ಕೊಟ್ಟರೆ ನೀವು ನನಗೆ ಕೊಡಬೇಕು. ಒಂದು ಚಮಚ ಆದರೂ ಸರಿ. ಖಾಲಿ ತಟ್ಟೆ ವಾಪಸ್ ಬರಬಾರದು. ಆ ಮನೆಯಲ್ಲಿ ಆ ವರ್ಷ ಎಳ್ಳು ಮಾಡಿರಲಿಲ್ಲ. ಬಾಗಿಲಲ್ಲಿ ಏಳು ತಟ್ಟೆ, ಒಂದು ಚೀಲ, ಎದುರು ಮನೆ ಜಗಲಿಯಲ್ಲಿ ಕೂತು ನೋಡುತ್ತಿದ್ದ ನಾಲ್ಕು ಜನ. ಆಕೆ ಒಳಗೆ ಹೋದರು. ಡಬ್ಬಿ ತೆಗೆಯುವ ಸದ್ದು ಕೇಳಿಸಿತು, ಮುಚ್ಚುವ ಸದ್ದು ಕೇಳಿಸಿತು. ಬರಿಗೈಯಲ್ಲಿ ಹೊರಗೆ ಬಂದು, ಚೀಲ ತೆಗೆದುಕೊಂಡು, ಕೈ ಮುಗಿದು, "ದೊಡ್ಡ ಉಪಕಾರ ಆಯ್ತು" ಅಂದರು. ಯಾವತ್ತೂ ಆಡದ ಮಾತು ಅದು, ಅವರ ಬಾಯಲ್ಲಿ. ನಾವು ಅದನ್ನು ಒಳ್ಳೆಯ ಮಾತು ಅಂತಲೇ ತಿಳಿದು ಮನೆಗೆ ಬಂದೆವು.

ಮುಂದಿನ ಶನಿವಾರ ಅವರು ಬರಲಿಲ್ಲ. ಮಕ್ಕಳೂ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ನಾನು ಹೋಗಿ ಕೇಳಿದೆ. "ಕೆಲಸ ಜಾಸ್ತಿ" ಅಂದರು, ಕೂರು ಅನ್ನಲಿಲ್ಲ. ನಾನು ಇನ್ನೊಂದು ಸಲ ಹೋದೆ. ಅದೂ ತಪ್ಪು. ಎರಡನೇ ಸಲ ಹೋದವಳು ಉತ್ತರ ವಸೂಲಿಗೆ ಬಂದವಳ ಹಾಗೆ ಕಾಣುತ್ತಾಳೆ, ವಾರದ ಕಂತಿಗೆ ಬರುವವರ ಹಾಗೆ. ಇತ್ತ ಗುಂಪಿನಲ್ಲಿ ಒಬ್ಬರು, ಕೊಟ್ಟಿದ್ದಕ್ಕೆ ಋಣ ಇಲ್ಲದ ಹೆಂಗಸು ಅಂದುಬಿಟ್ಟರು. ಆ ಮಾತು ರಾತ್ರಿಯೊಳಗೆ ಕೊನೇ ಮನೆ ಮುಟ್ಟಿತು. ಊರಲ್ಲಿ ಮಾತು ನಡೆದು ಹೋಗುವುದಿಲ್ಲ, ಓಡಿ ಹೋಗುತ್ತದೆ.

ಪುಸ್ತಕಕ್ಕೆ ವಾಪಸ್ ಹೋದದ್ದು

ನನಗೆ ನಿದ್ದೆ ಬರಲಿಲ್ಲ. ಎಲ್ಲಿ ತಪ್ಪಿತು ಅಂತ ಹುಡುಕಲು ಆ ಅಧ್ಯಾಯವನ್ನೇ ಮತ್ತೆ ತೆರೆದೆ. ಅಲ್ಲಿ ಒಂದು ವಾಕ್ಯ ಇದೆ, ಹೇಳುವಾಗ ನಾನು ಮುಖ್ಯ ಅಲ್ಲ ಅಂತ ಬಿಟ್ಟಿದ್ದೆ. ಆ ತಾಯಿ ಮತ್ತು ಮಕ್ಕಳು ಬೆಳಗ್ಗೆ ಬೇಗ, ಹಿಂದಿನ ಬೀದಿಗಳಲ್ಲಿ ಹೋಗುತ್ತಾರೆ, ಹಾಗಾಗಿ ಅವರನ್ನು ನೋಡಿದವರು ಕಡಿಮೆ. ಲೇಖಕಿ ಅದನ್ನು ಬರೆದದ್ದು ಆ ಹುಡುಗಿಯರನ್ನು ಯಾರೂ ನೋಡಿ ನಗಲಿಲ್ಲ ಅಂತ ಹೇಳಲು. ಆದರೆ ಸಂಕ್ರಾಂತಿ ಸಂಜೆ ಕಳೆದು ಓದಿದ ನನಗೆ ಅದು ಬೇರೆ ಥರ ಕಂಡಿತು. ನಾವು ಹೋದದ್ದು ಮುಂದಿನ ಬೀದಿಯಲ್ಲಿ, ದೀಪ ಹಚ್ಚುವ ಹೊತ್ತಿನಲ್ಲಿ, ಇಡೀ ಊರು ಜಗಲಿ ಮೇಲಿದ್ದಾಗ.

ಅದನ್ನು ಆ ಶನಿವಾರ ಗುಂಪಿನ ಮುಂದೆ ಹೇಳಿದೆ. ತಪ್ಪು ನನ್ನದು, ಅರ್ಧ ಕಥೆ ಹೇಳಿ ನಿಮ್ಮನ್ನು ಕಳಿಸಿದೆ ಅಂದೆ. ಗುಂಪಿನ ಹಿರಿಯಮ್ಮ, ಎಪ್ಪತ್ತು ದಾಟಿದವರು, ತಲೆ ಎತ್ತದೆ ಕೇಳಿದರು, "ಆ ಜರ್ಮನ್ ಹೆಂಗಸು ಏನಂದಳು?"

ಯಾರೂ ಇದನ್ನು ಕೇಳಿರಲಿಲ್ಲ. ಪುಸ್ತಕ ತಿರುವಿದೆ. ಮೊದಲ ದಿನ ಆಕೆ ದೇವರೇ, ದೇವತೆಗಳು ಬಂದರು ಅಂತ ಅಳುತ್ತಾಳೆ. ಮತ್ತೆ ಆಕೆಯ ಮಾತು ಬರುವುದು ಬಹಳ ಮುಂದೆ. ಆಗ ಮಾರ್ಮಿ ಊರಲ್ಲಿಲ್ಲ, ಕಾಯಿಲೆ ಬಿದ್ದ ಗಂಡನನ್ನು ನೋಡಲು ವಾಷಿಂಗ್ಟನ್‌ಗೆ ಹೋಗಿದ್ದಾಳೆ. ಹಮ್ಮೆಲ್ ಮನೆಯವರನ್ನು ಮರೆಯಬೇಡಿ ಅಂತ ಮಕ್ಕಳಿಗೆ ಹೇಳಿ ಹೋಗಿದ್ದಾಳೆ. ದೊಡ್ಡವರು ಒಂದೊಂದು ನೆಪ ಹೇಳುತ್ತಾರೆ, ದಿನಾ ಹೋಗುವುದು ಮೂರನೆಯವಳು, ಮಾತು ಕಡಿಮೆಯ ಬೆತ್. ಒಂದು ದಿನ ಕೂಸು ಬೆತ್‌ಳ ತೊಡೆಯ ಮೇಲೇ ಸಾಯುತ್ತದೆ. ಡಾಕ್ಟರು ಬಂದು ಸ್ಕಾರ್ಲೆಟ್ ಜ್ವರ, ಮೊದಲೇ ಯಾಕೆ ಕರೆಯಲಿಲ್ಲ ಅಂತ ಗದರುತ್ತಾರೆ. ಆಗ ಆ ತಾಯಿ ಹೇಳುವುದು, ನಾನು ಬಡವಳು, ನಾನೇ ವಾಸಿ ಮಾಡಲು ನೋಡಿದೆ ಅಂತ. ಎರಡು ಕಡೆ ಬಾಯಿ ತೆರೆಯುತ್ತಾಳೆ. ಒಂದು ಕಡೆ ಕೈ ಮುಗಿಯಲು, ಇನ್ನೊಂದು ಕಡೆ ತಪ್ಪೊಪ್ಪಿಕೊಳ್ಳುವವಳ ಹಾಗೆ. "ದೊಡ್ಡ ಉಪಕಾರ ಆಯ್ತು" ಅನ್ನುವ ಮಾತು ನಮ್ಮೆಲ್ಲರ ಕಿವಿಯಲ್ಲೂ ಆಗ ಮತ್ತೆ ಕೇಳಿಸಿತು ಅಂತ ಕಾಣುತ್ತದೆ, ಯಾಕೆಂದರೆ ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಆ ಜ್ವರ ಬೆತ್‌ಗೆ ಹತ್ತುತ್ತದೆ. ಮೈಯೆಲ್ಲ ಕೆಂಪು ಗುಳ್ಳೆ ಏಳುವ ಜ್ವರ ಅಂತ ಹೇಳಿದಾಗ ಹಿರಿಯಮ್ಮ ಕೆನ್ನೆಗೆ ಕೈ ತಾಗಿಸಿಕೊಂಡು, "ಅದಕ್ಕೇ ಅವಳ ಹೆಸರು ಮಾರಮ್ಮ" ಅಂದರು. ನಮ್ಮ ಕಡೆ ಗುಳ್ಳೆ ಎದ್ದರೆ ಅಮ್ಮ ಬಂದಿದ್ದಾಳೆ ಅನ್ನುತ್ತೇವೆ. ಸಾಕುವವಳೂ ಅಮ್ಮನೇ, ಬಂದು ಸುಡುವವಳೂ ಅಮ್ಮನೇ. ಮಾರ್ಮಿ ಅನ್ನುವ ಹೆಸರಿಗೂ ಇದಕ್ಕೂ ಏನೂ ಸಂಬಂಧ ಇಲ್ಲ, ನನಗೆ ಗೊತ್ತು. ಆದರೂ ಹಿರಿಯಮ್ಮ ಅಂದದ್ದು ಕಥೆಗೆ ಹತ್ತಿರ ಇದೆ ಅಂತ ನನಗೆ ಈಗಲೂ ಅನ್ನಿಸುತ್ತದೆ. ಬೇರೆ ಮನೆಯ ಕಷ್ಟದೊಳಗೆ ಕಾಲಿಟ್ಟವರು ಹಾಗೇ ವಾಪಸ್ ಬರುವುದಿಲ್ಲ ಅಂತ ಆ ಪುಸ್ತಕಕ್ಕೆ ಗೊತ್ತಿದೆ. ನಾನು ತಿಂಡಿಯ ಭಾಗ ಹೇಳಿ, ಜ್ವರದ ಭಾಗವನ್ನು ಬೇಜಾರಿನದು ಅಂತ ಹಬ್ಬ ಮುಗಿಯುವ ತನಕ ಮುಂದಕ್ಕೆ ಹಾಕಿದ್ದೆ.

ಇದು ಕಟ್ಟುಕಥೆ ಮಾತ್ರ ಅಲ್ಲ ಅಂತಲೂ ಆ ದಿನ ಹೇಳಿದೆ. ಲೇಖಕಿಯ ತಾಯಿ ಅಬಿಗೇಲ್. 1856ರಲ್ಲಿ ಆಕೆ ನೆರವಾಗುತ್ತಿದ್ದ ಒಂದು ಬಡ ಮನೆಯಿಂದಲೇ ಸ್ಕಾರ್ಲೆಟ್ ಜ್ವರ ಅವರ ಮನೆಗೆ ಬಂತು. ಲೇಖಕಿಯ ತಂಗಿ ಲಿಜ್ಜಿ ಪೂರ್ತಿ ಚೇತರಿಸಿಕೊಳ್ಳಲೇ ಇಲ್ಲ, 1858ರಲ್ಲಿ ತೀರಿಕೊಂಡಳು. ಅಬಿಗೇಲ್ ತಾವೇ ಬಡತನದಲ್ಲಿದ್ದರು. 1848ರ ಹೊತ್ತಿಗೆ ಬಾಸ್ಟನ್‌ನಲ್ಲಿ ಸಂಬಳಕ್ಕೆ ಬಡವರ ಮನೆ ಮನೆಗೆ ಹೋಗಿ ನೋಡಿ ನೆರವು ಕೊಡಿಸುವ ಕೆಲಸ ಮಾಡುತ್ತಿದ್ದರು, ಆಮೇಲೆ ಹೆಂಗಸರಿಗೆ ಕೆಲಸ ಹುಡುಕಿ ಕೊಡುವ ಒಂದು ಕಚೇರಿಯನ್ನೇ ನಡೆಸಿದರು.

ರೀಲಿಂಗ್‌ಗೆ ಹೋಗುವ ಒಬ್ಬರು ಇದನ್ನು ಕೇಳಿ, "ಹಂಗಾದ್ರೆ ನಿಜವಾದ ತಾಯಿ ಕೆಲಸ ಕೊಡಿಸಿದ್ಳು, ಕಥೆ ತಾಯಿ ತಿಂಡಿ ಕೊಟ್ಳು" ಅಂದರು. ಈ ಇಡೀ ಪ್ರಕರಣ ತಿರುಗಿದ್ದು ಆ ಒಂದು ಮಾತಿನಲ್ಲಿ.

ಮುಯ್ಯಾಳು

ಕೊನೇ ಮನೆಯಾಕೆಗೆ ಏನು ಬರುತ್ತದೆ ಅಂತ ಆಗ ಎಲ್ಲರಿಗೂ ನೆನಪಾಯಿತು. ಹಣ್ಣು ಹುಳು ಆರಿಸುವುದರಲ್ಲಿ ಊರಲ್ಲೇ ಅವರ ಕೈ ಮುಂದು. ಹುಳು ಹಣ್ಣಾದಾಗ, ಅಂದರೆ ಮೇವು ಬಿಟ್ಟು ನೂಲು ಬಿಡಲು ಸಿದ್ಧವಾಗಿ ಮೈ ಪಾರದರ್ಶಕ ಆದಾಗ, ಅದನ್ನು ಹೊತ್ತಿಗೆ ಸರಿಯಾಗಿ ಆರಿಸಿ, ಗೂಡು ಕಟ್ಟಲು ಬಿಡುವ ಬಿದಿರಿನ ಚಂದ್ರಿಕೆಗೆ ಬಿಡಬೇಕು. ಬೇಗ ಬಿಟ್ಟರೂ ಕಷ್ಟ, ತಡ ಮಾಡಿದರೆ ನೂಲು ಹುಳು ಸಾಕುವ ತಟ್ಟೆಯಲ್ಲೇ ಹೋಗುತ್ತದೆ. ಆ ಒಂದೂವರೆ ದಿನಕ್ಕೆ ಎಷ್ಟು ಆಳಿದ್ದರೂ ಸಾಲದು.

ಗುಂಪಿನ ಒಬ್ಬರ ಮನೆಯಲ್ಲಿ ಫೆಬ್ರವರಿ ಕೊನೆಗೆ ಹುಳು ಹಣ್ಣಾಗುವುದಿತ್ತು. ಆಳಿಗೆ ನಿಜವಾಗಿಯೂ ಕೊರತೆ ಇತ್ತು, ಇದು ಮುಖ್ಯ, ಯಾಕೆಂದರೆ ನೆಪ ಮಾಡಿದ್ದರೆ ಆಕೆಗೆ ಬಾಗಿಲಲ್ಲೇ ಗೊತ್ತಾಗುತ್ತಿತ್ತು. ಹುಳುಮನೆಯವರು ಒಬ್ಬರೇ ಹೋದರು. ನಸುಕಿನಲ್ಲಿ, ಹಿತ್ತಲ ದಾರಿಯಲ್ಲಿ. ನಾನು ಹೋಗಬಾರದು ಅಂತ ಹಿರಿಯಮ್ಮ ಖಂಡಿತವಾಗಿ ಹೇಳಿದ್ದರು. ನಾಳೆ ಹಣ್ಣಾಗುತ್ತೆ, ನೀನು ಬರದಿದ್ದರೆ ನನ್ನ ಬೆಳೆ ಕೆಡುತ್ತೆ ಅಂದರಂತೆ. ಕೊನೇ ಮನೆಯಾಕೆ ಕೇಳಿದ್ದು ಒಂದೇ: "ಕೂಲಿನಾ, ಮುಯ್ಯಾಳಾ?"

ನೀನು ಹೇಳಿದ ಹಾಗೆ ಅಂತ ಇವರು. ಮುಯ್ಯಾಳು ಅಂತ ಅವರು. ಅಂದರೆ ಇವತ್ತು ನಾನು ನಿನ್ನ ಕೆಲಸಕ್ಕೆ, ನಾಳೆ ನೀನು ನನ್ನ ಕೆಲಸಕ್ಕೆ.

ಆ ಹೊತ್ತಿನಲ್ಲಿ ಮನೆಯಲ್ಲಿ ದುಡ್ಡಿಗೆ ಎಷ್ಟು ಕಷ್ಟ ಇತ್ತು ಅಂತ ನನಗೆ ಗೊತ್ತು. ಎರಡು ದಿನದ ಕೂಲಿ ಬೇಡ ಅನ್ನುವುದು ಅವರಿಗೆ ಹಗುರದ ಮಾತಲ್ಲ. ಆದರೆ ಕೂಲಿ ತೆಗೆದುಕೊಂಡರೆ ಲೆಕ್ಕ ಅಲ್ಲಿಗೆ ಮುಗಿಯುತ್ತದೆ. ಮುಯ್ಯಾಳಿಗೆ ಹೋದರೆ ಎದುರಿನವರು ಬಾಕಿ ಇರುತ್ತಾರೆ. ತಿಂಗಳುಗಟ್ಟಲೆ ಎಲ್ಲರಿಗೂ ಬಾಕಿ ಇದ್ದ ಹೆಂಗಸು, ಮೊದಲ ಸಲ ಇನ್ನೊಬ್ಬರನ್ನು ತನಗೆ ಬಾಕಿ ಇಟ್ಟುಕೊಂಡರು.

ಆಮೇಲೆ ನಡೆದದ್ದು

ಮಾರ್ಚ್‌ನಲ್ಲಿ ಅವರು ಬಾಕಿ ವಸೂಲು ಮಾಡಿದರು. ಐವತ್ತು ಮೊಟ್ಟೆಯ ಚಾಕಿ ಹುಳು ತರುತ್ತೇನೆ, ಹುಳುಮನೆ ತೊಳೆಯಬೇಕು, ಬನ್ನಿ ಅಂತ ಮಗಳ ಕೈಲಿ ಹೇಳಿ ಕಳಿಸಿದರು. (ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಇಡೀ ಗುಂಪಿಗೆ ನಾವು ಒಂದು ಮೊಟ್ಟೆ ಅನ್ನುತ್ತೇವೆ.) ನಾಲ್ಕು ಜನ ಹೋದೆವು. ನಾನೂ ಹೋದೆ, ಈ ಸಲ ಕರೆದದ್ದರಿಂದ. ಎರಡು ಬೆಳೆ ಹೋಗಲು ಮುಖ್ಯ ಕಾರಣ ಅಲ್ಲೇ ಕಂಡಿತು. ಒಂದು ಬೆಳೆಯ ರೋಗ ತಟ್ಟೆಯಲ್ಲಿ, ಗೋಡೆಯ ಬಿರುಕಿನಲ್ಲಿ ಉಳಿದು ಇನ್ನೊಂದಕ್ಕೆ ದಾಟಿತ್ತು, ಒಬ್ಬರ ಕೈಯಲ್ಲಿ ಅಷ್ಟು ತೊಳೆಯುವುದು ಆಗುವ ಮಾತೇ ಅಲ್ಲ. ಬ್ಲೀಚಿಂಗ್ ಪೌಡರ್ ನೀರಿನಲ್ಲಿ ನೆಲ ಗೋಡೆ ಎಲ್ಲ ತೊಳೆದು, ಬಿರುಕಿಗೆ ಮಣ್ಣು ಮೆತ್ತಿ, ಸುಣ್ಣ ಹೊಡೆದು, ತಟ್ಟೆಗಳನ್ನು ಬಿಸಿಲಿಗೆ ಹಾಕಿದೆವು. ಚಂದ್ರಿಕೆ ಒಬ್ಬರು ಕೊಟ್ಟರು. ಮಾತು ಜಾಸ್ತಿ ಆಗಲಿಲ್ಲ. ಮಧ್ಯಾಹ್ನ ಅವರ ಮನೆಯಲ್ಲೇ ಮುದ್ದೆ, ಹುರುಳಿ ಸಾರು ಊಟ ಮಾಡಿದೆವು. ಅವರು ಬಡಿಸಿದರು, ನಾವು ಉಂಡೆವು. ಆ ಊಟದಲ್ಲಿ ಅವರ ಮುಖ ಸಂಕ್ರಾಂತಿ ದಿನದ ಮುಖ ಆಗಿರಲಿಲ್ಲ.

ಬೆಳೆ ಬಂತು. ಮೂವತ್ತೆರಡು ಕೆಜಿ ಗೂಡು. ತುಂಬಾ ದೊಡ್ಡ ಬೆಳೆ ಅಲ್ಲ, ಆದರೆ ಬೆಳೆ. ಶಿಡ್ಲಘಟ್ಟ ಮಾರುಕಟ್ಟೆಗೆ ಅವರೇ ಗೂಡು ತೆಗೆದುಕೊಂಡು ಹೋಗಿ ಹರಾಜಿನಲ್ಲಿ ಮಾರಿ ಬಂದರು. ವಾರದ ಕಂತಿನ ಒಂದು ಸಾಲ ತೀರಿತು. ಇನ್ನೊಂದು ಇದೆ, ಸಂಘದ್ದೂ ಇದೆ. ಗಂಡ ಇನ್ನೂ ಬೆಂಗಳೂರಿನಲ್ಲೇ ಇದ್ದಾರೆ. ಮಗಳು ಶನಿವಾರದ ಸ್ಕೂಲು ತಪ್ಪಿಸುತ್ತಿಲ್ಲ. ಋಣ ಇಲ್ಲದ ಹೆಂಗಸು ಅಂದವರ ಜೊತೆ ಇವತ್ತಿಗೂ ಮಾತಿಲ್ಲ, ಚಾಪೆಯ ಆ ತುದಿ ಈ ತುದಿಯಲ್ಲಿ ಕೂರುತ್ತಾರೆ. ನಾನು ರಾಜಿ ಮಾಡಿಸಲು ಹೋಗಿಲ್ಲ.

ಬೇರೆ ಊರುಗಳಲ್ಲಿ ಇಂಥ ಗುಂಪು ನಡೆಸುವವರು ಕೇಳಿದಾಗ ನಾನು ಹೇಳುವುದು ಆ ಚೀಲದ ಬಗ್ಗೆ ಅಲ್ಲ, ನಾನು ಬಿಟ್ಟ ವಾಕ್ಯಗಳ ಬಗ್ಗೆ. ಕರುಣೆಯ ತಾಯಿಯ ಕಥೆ ಹೇಳುವಾಗ ಕೊಡುವ ದೃಶ್ಯ ಮಾತ್ರ ಹೇಳಿದರೆ ಕೇಳುವವರೆಲ್ಲ ಕೊಡುವವರ ಜಾಗದಲ್ಲಿ ಕೂತುಬಿಡುತ್ತಾರೆ, ತೆಗೆದುಕೊಳ್ಳುವವರ ಜಾಗ ಖಾಲಿ ಉಳಿಯುತ್ತದೆ, ಮತ್ತೆ ಆ ಕೋಣೆಯಲ್ಲೇ ಆ ಜಾಗದಲ್ಲಿ ನಿಜವಾಗಿ ಇರುವವರು ಒಬ್ಬರು ಕೂತಿರುತ್ತಾರೆ. ಹಮ್ಮೆಲ್ ಮನೆಗೆ ಸೌದೆ ಹೊತ್ತವಳು, ಒಡೆದ ಕಿಟಕಿಗೆ ತನ್ನ ಮೇಲಂಗಿಯನ್ನೇ ತುರುಕಿದವಳು ಅಡುಗೆಯ ಹ್ಯಾನಾ. ಅವಳನ್ನೂ ನಾನು ಮೊದಲ ಸಲ ಹೇಳಿರಲಿಲ್ಲ. ಮಾರ್ಮಿ ತನ್ನ ಮಗಳು ಜೋಗೆ ಹೇಳುತ್ತಾಳೆ, ತನಗೂ ಹೆಚ್ಚುಕಡಿಮೆ ದಿನಾ ಸಿಟ್ಟು ಬರುತ್ತದೆ, ನಲವತ್ತು ವರ್ಷದಿಂದ ಅದನ್ನು ಹಿಡಿದಿಡಲು ಕಲಿಯುತ್ತಿದ್ದೇನೆ ಅಂತ. ಈ ಭಾಗ ಕೇಳಿದ ದಿನ ಕೊನೇ ಮನೆಯಾಕೆ ಮೊದಲ ಸಲ ನಕ್ಕು, "ಈಗ ಇವಳು ನಮ್ಮ ಥರ ಕಾಣ್ತಾಳೆ" ಅಂದರು.

ಅವರು ಗುಂಪಿಗೆ ವಾಪಸ್ ಬಂದದ್ದು ಯುಗಾದಿ ಆದ ವಾರ. ಕೈಯಲ್ಲಿ ಆ ಬಟ್ಟೆ ಚೀಲ ಇತ್ತು, ಒಗೆದು ಮಡಿಸಿದ್ದಲ್ಲ, ತುಂಬಿದ್ದು. ಬದುವಿನ ಮರದ ಹೊಸ ಹುಣಸೆಹಣ್ಣು. ಎಲ್ಲರಿಗೂ ಒಂದೊಂದು ಹಿಡಿ ಹಂಚಿದರು, ಮಾತಿಲ್ಲದವರ ಸೆರಗಿಗೂ ಹಾಕಿದರು, ಮುಖ ಮಾತ್ರ ನೋಡಲಿಲ್ಲ.

ಈಗ ನಾವು ಹಮ್ಮೆಲ್ ಹೆಂಗಸಿನ ಕಡೆಯಿಂದ ಆ ಬೆಳಗಿನ ಕಥೆ ಕಟ್ಟುತ್ತಿದ್ದೇವೆ. ಪುಸ್ತಕದಲ್ಲಿ ಅದು ಇಲ್ಲ, ನಮ್ಮದು. ಹೇಳುವವರು ಕೊನೇ ಮನೆಯಾಕೆ. ಅವರ ಕಥೆ ಶುರುವಾಗುವುದು ಹುಡುಗಿಯರು ಹೋದ ಮೇಲೆ. ಮಕ್ಕಳ ಹೊಟ್ಟೆ ತುಂಬಿದೆ, ಒಲೆ ಉರಿಯುತ್ತಿದೆ. ಆಕೆ ಹಾಸಿಗೆಯಿಂದ ಏಳುತ್ತಾಳೆ, ಅವರು ಬಿಟ್ಟು ಹೋದ ಬಟ್ಟಲು ತೊಳೆಯುತ್ತಾಳೆ. ಖಾಲಿ ಬಟ್ಟಲು ವಾಪಸ್ ಕಳಿಸಬಾರದು. ಅದಕ್ಕೆ ಏನು ಹಾಕಿ ಕಳಿಸಲಿ ಅಂತ ಇಡೀ ಮನೆ ಹುಡುಕುತ್ತಾಳೆ, ಗೂಡು, ಡಬ್ಬಿ, ಹಾಸಿಗೆಯ ಕೆಳಗೆ. ಪ್ರತಿ ಶನಿವಾರ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ಒಂದು ಸೌದೆ ಚೂರು ಹಾಕಲಿ, ಒಂದು ಗುಂಡಿ ಹಾಕಲಿ, ಒಂದು ಹಾಡು ಹೇಳಿ ಕಳಿಸಲಿ ಅಂತ. ಕೊನೇ ಮನೆಯಾಕೆ ಯಾವುದಕ್ಕೂ ಒಪ್ಪಿಲ್ಲ.

"ಹುಡುಕ್ತಾ ಇದ್ದಾಳೆ, ತಾಳಿ" ಅನ್ನುತ್ತಾರೆ.